ಪದಚರ್ಚೆ: ‘ಒರಾಕಲ್’ಗೆ ಕನ್ನಡದಲ್ಲಿ ಎಂತ ಹೇಳುವುದು? ನಾಳೆ ಸಂಜೆಯೊಳಗೆ ಬೇಕು

ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಉಂಟು, ಹಾಗಾಗಿ ಪೀಠಿಕೆ ಬಿಟ್ಟು ಕೇಳ್ತೇನೆ. ಗ್ರೀಕ್ ಪುರಾಣದ ಮೇಲೆ ಕಟ್ಟಿದ ಒಂದು ಸಾಹಸದ ಕಾದಂಬರಿ, ಹೈಸ್ಕೂಲು ಪ್ಲಸ್ ಟೂ ಮಕ್ಕಳಿಗೆ ಅಂತ ಬರೆದದ್ದು, ಅದನ್ನು ಕನ್ನಡಕ್ಕೆ ಮಾಡ್ತಾ ಇದ್ದೇನೆ. ನಮ್ಮ ಕನ್ನಡ ಮೀಡಿಯಂ ಮಕ್ಕಳ ಕೈಗೆ ಇಂಥದ್ದೊಂದು ಸಿಗ್ಬೇಕು ಅಂತ ಆಸೆ. ಅನುವಾದ ಮುಗೀತು, ತಿದ್ದಿಯೂ ಆಯ್ತು, ಆದ್ರೆ ಒಂದು ಪದದ ಜಾಗ ಮಾತ್ರ ಮೊದಲ ದಿನದಿಂದ ಖಾಲಿ ಬಿಟ್ಟದ್ದು ಹಾಗೆಯೇ ಉಂಟು. ಒರಾಕಲ್. ಅದು ಪುಸ್ತಕದ ಹೆಸರಲ್ಲೇ ಬರುವ ಪದ, ಮುಖಪುಟ ಮಾಡುವವರು ನಾಳೆ ಸಂಜೆಯೊಳಗೆ ಹೆಸರು ಕಳಿಸಿ ಅಂತ ಕೂತಿದ್ದಾರೆ.

ಸಂದರ್ಭ ಹೇಳ್ತೇನೆ. ಹದಿನೈದು ವರ್ಷದ ಹುಡುಗಿ, ಅಪ್ಪ ದೇವರು, ಅಮ್ಮ ಮನುಷ್ಯಳು. ಡೆಲ್ಫಿಯ ಗುಡ್ಡ ಹತ್ತಿ ಅಲ್ಲಿ ಕೂತ ಹೆಂಗಸಿನ ಹತ್ರ ತನ್ನ ದಾರಿ ಕೇಳ್ತಾಳೆ, ಆ ಹೆಂಗಸಿನ ಮೈಮೇಲೆ ಅಪೊಲೊ ಬಂದು ಎರಡು ಸಾಲು ಹೇಳ್ತಾನೆ, ಆ ಎರಡು ಸಾಲಿನ ಅರ್ಥ ಕೊನೆಯ ಅಧ್ಯಾಯದವರೆಗೆ ಯಾರಿಗೂ ಸರಿಯಾಗಿ ಹೊಳೆಯುವುದಿಲ್ಲ. ಮೂಲದಲ್ಲಿ ಆ ಹೆಂಗಸಿಗೂ ಒರಾಕಲ್, ಆ ಜಾಗಕ್ಕೂ ಒರಾಕಲ್, ಆ ಮಾತಿಗೂ ಒರಾಕಲ್. ನಾನು ಒಂದು ಕಡೆ ಭವಿಷ್ಯವಾಣಿ, ಒಂದು ಕಡೆ ದೇವವಾಣಿ, ಮತ್ತೊಂದು ಕಡೆ ಜ್ಯೋತಿಷಿ ಹಾಕಿ ನೋಡಿದೆ, ಮೂರೂ ಸರಿ ಕೂರ್ಲಿಲ್ಲ. ಒರಾಕಲ್ ಅಂತಲೇ ಬಿಟ್ಟರೆ ಮಕ್ಕಳಿಗೆ ಸಾಫ್ಟ್‌ವೇರ್ ಕಂಪೆನಿ ನೆನಪಾಗ್ತದೆ. ಆ ಹುಡುಗಿಯಂಥ ಡೆಮಿಗಾಡ್‌ಗೂ ಒಂದು ಪದ ಸಿಕ್ಕಿದ್ರೆ ಒಳ್ಳೇದು, ಆದ್ರೆ ಮೊದಲು ಇದು.

ಬೆಂಗಳೂರಿಂದ:

ಭವಿಷ್ಯವಾಣಿ. ನಿಘಂಟಲ್ಲಿದೆ, ಪೇಪರ್‌ನಲ್ಲಿದೆ, ಎಲ್ಲರಿಗೂ ಗೊತ್ತು. ಇದಕ್ಕೆ ಚರ್ಚೆ ಯಾಕೆ ಅಂತ ಗೊತ್ತಾಗ್ಲಿಲ್ಲ.

ಬದಿಯಡ್ಕದಿಂದ:

ಅದು ಹೇಳಿದ ಮಾತಿಗೆ ಮಾತ್ರ ಆಯ್ತಲ್ಲ ಸರ್. ‘ಹುಡುಗಿ ಭವಿಷ್ಯವಾಣಿಯ ಎದುರು ಕೈಮುಗಿದು ನಿಂತಳು’ ಅಂತ ಬರೀಲಿಕ್ಕೆ ಆಗ್ತದಾ? ಮತ್ತೆ ಆ ಪದಕ್ಕೆ ವಾರಭವಿಷ್ಯದ ಕಾಲಂ ಅಂಟಿಕೊಂಡು ಹೋಗಿದೆ.

ಮೈಸೂರಿಂದ:

ಅಶರೀರವಾಣಿ ಯಾಕಾಗಬಾರದು? ಕಂಸನಿಗೆ ಕೇಳಿಸಿದ್ದು ಅದೇ ಅಲ್ವಾ, ದೇವಕಿಯ ಎಂಟನೇ ಮಗು ನಿನ್ನ ಮೃತ್ಯು ಅಂತ. ಆಕಾಶವಾಣಿ ಇನ್ನೂ ಚೆನ್ನಾಗಿತ್ತು, ಆದರೆ 1935ರಲ್ಲಿ ನಮ್ಮೂರಿನ ಗೋಪಾಲಸ್ವಾಮಿಯವರು ರೇಡಿಯೋ ಶುರು ಮಾಡಿದಾಗ ಆ ಹೆಸರು ಅದಕ್ಕೆ ಬಂತು, ಆಮೇಲೆ ದೇಶಕ್ಕೆಲ್ಲ ಹೋಯ್ತು, ಇನ್ನು ಅದನ್ನು ವಾಪಸ್ ತರೋದು ಕಷ್ಟ.

ಮಂಜೇಶ್ವರದಿಂದ:

ಅಶರೀರ ಅಂದ ಮೇಲೆ ಶರೀರ ಇಲ್ಲ. ಡೆಲ್ಫಿಯಲ್ಲಿ ಒಬ್ಬಳು ಹೆಂಗಸು ಕೂತಿದ್ದಾಳೆ. ಆಗುವುದಿಲ್ಲ.

ಹಡಗಲಿಯಿಂದ:

ಇಷ್ಟು ತಲಿ ಕೆಡಿಸ್ಕೊಳ್ಳೋದು ಯಾಕ್ರೀ, ಕಾರ್ಣಿಕ ಅಂತ ಪದ ಐತಲ್ಲ. ನಮ್ಮ ಮೈಲಾರದಾಗ ಭರತ ಹುಣ್ಣಿಮಿ ಜಾತ್ರಿ ಮುಂದ ಡೆಂಕನಮರಡಿಯಾಗ ಗೊರವಯ್ಯ ಬಿಲ್ಲು ಏರ್ತಾನ. ಮ್ಯಾಲ ನಿಂತು ‘ಸದ್ದಲೇ’ ಅಂದ್ರ ಸಾಕು, ಅಷ್ಟು ಮಂದಿ ಕೂಡಿದ ಬಯಲಾಗ ಒಂದು ಕೂಸು ಅಳೋದೂ ಕೇಳಂಗಿಲ್ಲ, ಒಂದ ಸಾಲು ನುಡಿದು ಮ್ಯಾಲಿಂದ ಕೆಳಗ ಬೀಳ್ತಾನ. ಆಮ್ಯಾಲ ವರ್ಷಪೂರ್ತಿ ಆ ಸಾಲಿಗಿ ಅರ್ಥ ಹಚ್ಚೋದ, ರೈತರು ಮಳಿ ಬೆಳಿ ಅಂತಾರ, ರಾಜಕಾರಣದವ್ರು ಸರಕಾರ ಅಂತಾರ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಾಗೂ ಇದ ಪದ್ಧತಿ ಐತಿ. ಗ್ರೀಕರ ಕಥಿಯಾಗೂ ಹಿಂಗ ಅಲ್ಲೇನ್ರಿ, ಲಿಡಿಯಾದ ರಾಜ ಕ್ರೀಸಸ್ ಪರ್ಶಿಯಾದ ಮ್ಯಾಲ ದಂಡೆತ್ತಿ ಹೋಗ್ಲೇನು ಅಂತ ಡೆಲ್ಫಿಗೆ ಕೇಳಿ ಕಳಿಸಿದ್ನಂತ, ಹೋದ್ರ ಒಂದು ದೊಡ್ಡ ರಾಜ್ಯ ಹಾಳಾಕ್ಕತಿ ಅಂತ ಉತ್ತರ ಬಂತಂತ, ಅಂವ ಹೋದ, ಹಾಳಾದ್ದು ಅಂವನ ರಾಜ್ಯ. ಹೆರೊಡೋಟಸ್ ಬರದಾನ. ಇದಕ್ಕಿಂತ ಕಾರ್ಣಿಕ ಬ್ಯಾರೆ ಏನ್ ಬೇಕ್ರಿ. ಇದನ್ನ ಬಿಟ್ಟು ವಾಣಿ ವಾಣಿ ಅಂತ ಕುಂದ್ರಬ್ಯಾಡ್ರಿ.

ಮಂಜೇಶ್ವರದಿಂದ:

ಕಾರ್ಣಿಕ ಬೇಡ. ಹಡಗಲಿಯವರು ಹೇಳಿದ್ದು ಪೂರ್ತಿ ಸರಿ, ಪದವೂ ಒಳ್ಳೇದು, ಆದ್ರೆ ಈ ಪುಸ್ತಕ ಮೊದಲು ಓದುವ ಮಕ್ಕಳು ಕಾಸರಗೋಡಿನವರು. ನಮ್ಮಲ್ಲಿ ಕಾರ್ಣಿಕ ಅಂದ್ರೆ ದೈವದ ಮಹಿಮೆ. ‘ಆ ದೈವಕ್ಕೆ ಭಾರೀ ಕಾರ್ಣಿಕ ಉಂಟು’ ಅಂತೇವೆ, ಅದು ಮಾತಾಡದೆ ಸುಮ್ಮನಿದ್ದರೂ ಕಾರ್ಣಿಕ ಇರ್ತದೆ. ಇನ್ನು ಹಳೇ ಕಥೆಗಳಲ್ಲಿ ಕಾರಣಿಕ ಪುರುಷ, ಕಾರಣಿಕ ಶಿಶು ಅಂದ್ರೆ ದೇವಾಂಶದಿಂದ, ಯಾವುದೋ ಒಂದು ಕೆಲಸ ಆಗ್ಬೇಕು ಅಂತ ಹುಟ್ಟಿದವರು. ಒಂದೇ ಪದ ತುಂಗಭದ್ರೆ ಕಡೆ ಮಾತು, ಚಂದ್ರಗಿರಿ ಹೊಳೆಯ ಕಡೆ ಶಕ್ತಿ, ಕಥೆಯಲ್ಲಿ ಹುಟ್ಟು. ಹಾಗಾಗಿ ನನ್ನನ್ನು ಕೇಳಿದ್ರೆ ಕಾರಣಿಕವನ್ನು ನಿಮ್ಮ ಡೆಮಿಗಾಡ್‌ಗೆ ಇಟ್ಟುಕೊಳ್ಳಿ, ಕಾರಣಿಕದ ಮಗಳು ಅಂದ್ರೆ ಆಯ್ತು. ದೇವಮಾನವ ಮಾತ್ರ ಹಾಕ್ಬೇಡಿ, ಆ ಪದ ಈಗ ಕಾವಿ ಹಾಕಿದವರ ಸುದ್ದಿಗೆ ಹೋಗಿಬಿಟ್ಟಿದೆ. ಅರೆದೇವರು ಅಂದ್ರೆ ಬೇಯದೆ ಉಳಿದ ಹಾಗೆ ಕೇಳ್ತದೆ.

ಈಗ ಒರಾಕಲ್. ಮೂರಕ್ಕೂ ಒಂದೇ ಪದ ಇಂಗ್ಲಿಷಿನವರದ್ದು, ಅದು ಆ ಭಾಷೆಯ ಬಡತನ, ನಾವ್ಯಾಕೆ ಹೊತ್ತುಕೊಳ್ಳಬೇಕು? ಗ್ರೀಕರೇ ಬೇರೆ ಬೇರೆ ಹೇಳ್ತಿದ್ರು. ಡೆಲ್ಫಿಯ ಹೆಂಗಸು ಪೀಥಿಯಾ, ಜಾಗ ಮಾಂತೇಯೊನ್, ಸಿಕ್ಕಿದ ಉತ್ತರ ಖ್ರೆಸ್ಮೊಸ್. ಲ್ಯಾಟಿನ್‌ನಲ್ಲಿ ಮಾತಾಡು ಅನ್ನುವ ಧಾತುವಿನಿಂದ ಒರಾಕುಲಂ ಅಂತ ಮಾಡಿ ಮೂರನ್ನೂ ಒಂದೇ ಗೋಣಿಗೆ ತುಂಬಿಸಿದ್ರು. ನಮ್ಮಲ್ಲಿ ಮೂರೂ ಬೇರೆಯೇ ಉಂಟು, ದಿನಾ ಬಳಸ್ತೇವೆ. ಹೆಂಗಸಿಗೆ ಪಾತ್ರಿ, ಮೈಮೇಲೆ ದೈವ ಬರುವವರಿಗೆ ನಾವು ಹೇಳುವುದು ಅದನ್ನೇ. ಜಾಗಕ್ಕೆ ಸ್ಥಾನ. ಮಾತಿಗೆ ನುಡಿ. ಮುಗೀತು.

ನುಡಿ ಅಂದ ಕೂಡ್ಲೇ ಭಾಷೆ ಅಂದುಕೊಳ್ತಾರೆ ಅಂತ ಯಾರಾದ್ರೂ ಹೇಳ್ತೀರಿ, ಅದಕ್ಕೆ ಮೊದಲೇ ಹೇಳ್ತೇನೆ, ಇಲ್ಲಿ ಕ್ರಿಯಾಪದ ಮುಖ್ಯ. ದೈವ ನುಡಿ ‘ಹೇಳುವುದಿಲ್ಲ’, ‘ಕೊಡುವುದು’. ನುಡಿ ಕೊಟ್ಟಿತು, ನುಡಿ ಆಯ್ತು, ನುಡಿಗೆ ತಪ್ಪಿದೆವು. ನಾನು ಸಣ್ಣದಿರುವಾಗ ನಮ್ಮ ತರವಾಡಿನ, ಅಂದ್ರೆ ಕುಟುಂಬದ ಮೂಲಮನೆಯ, ಕೋಲದಲ್ಲಿ ದೈವ ಅಜ್ಜನ ಕೈ ಹಿಡಿದು ನುಡಿ ಕೊಟ್ಟದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು, ಅಜ್ಜ ಊರಿಗೇ ಜೋರು ಮಾಡುವವರು, ಆ ಹೊತ್ತಿಗೆ ಎರಡೂ ಕೈ ಜೋಡಿಸಿ ಬಗ್ಗಿ ನಿಂತಿದ್ರು. ಕೊಟ್ಟ ನುಡಿಯಲ್ಲಿ ಅರ್ಧ ನಮಗೆ ಅರ್ಥವಾಗ್ಲಿಲ್ಲ, ದೊಡ್ಡವರು ಮರುದಿನ ಜಗಲಿಯಲ್ಲಿ ಕೂತು ಅದು ಜಾಗದ ವಿಷಯವಾ ಮದುವೆಯ ವಿಷಯವಾ ಅಂತ ಮಧ್ಯಾಹ್ನದವರೆಗೆ ಮಾತಾಡಿದ್ರು. ನಿಮ್ಮ ಕಾದಂಬರಿಯ ಎರಡು ಸಾಲು ಅದೇ ಜಾತಿಯದ್ದು. ಈ ಅನುಭವ ಇರುವ ಮಕ್ಕಳಿಗೆ ನೀವು ಭವಿಷ್ಯವಾಣಿ ಅಂತ ಕೊಟ್ಟರೆ ಅವರ ಕೈಯಿಂದ ಕಸಿದುಕೊಂಡ ಹಾಗೆ.

ಇನ್ನೊಂದು ಸಣ್ಣ ಮಾತು, ಪೀಥಿಯಾ ಕೂರುವುದು ಮೂರು ಕಾಲಿನ ಪೀಠದ ಮೇಲೆ. ಅದನ್ನು ತ್ರಿಪದಿ ಅಂತ ಮಾಡಬೇಡಿ, ಸರ್ವಜ್ಞ ಎದ್ದು ಬರ್ತಾನೆ. ಮುಕ್ಕಾಲಿ ಅನ್ನಿ.

ಹಾಸನದಿಂದ:

ಪಾತ್ರಿ ಸಂಸ್ಕ್ರುತ, ಸ್ತಾನ ಸಂಸ್ಕ್ರುತ, ಕಾರಣಿಕವೂ ಸಂಸ್ಕ್ರುತ. ಬಡತನ ಇಂಗ್ಲಿಶಿನದು ಅಂತ ಹೇಳಿ ನಾವು ಇನ್ನೊಬ್ಬರ ಮನೆಯಿಂದಲೇ ತರುತ್ತಿದ್ದೇವೆ. ನಮ್ಮದೇ ಆದ ಕಣಿ ಇದೆಯಲ್ಲ. ಕಾಣ್ ಎಂಬ ಬೇರಿನಿಂದ ಹುಟ್ಟಿದ್ದು. ಕಂಡು ಹೇಳುವುದೇ ಕಣಿ ಹೇಳುವುದು. ಕಣಿಗಿತ್ತಿ, ಕಣಿದಾಣ, ಕಣಿನುಡಿ. ಮೂರೂ ಒಂದೇ ಬೇರಿನಿಂದ ಬರುತ್ತವೆ, ಮಕ್ಕಳಿಗೆ ನಂಟು ತಾನಾಗಿ ತಿಳಿಯುತ್ತದೆ. ನುಡಿಯರಿಗ ಡಿ. ಎನ್. ಶಂಕರ ಬಟ್ಟರು ಹೇಳುತ್ತಾ ಬಂದದ್ದು ಇದನ್ನೇ, ಆಡುವ ಕನ್ನಡದ ಬೇರಿನಿಂದ ಪದ ಕಟ್ಟಿ ಅಂತ.

ಮೈಸೂರಿಂದ:

ಕಣಿ ಗಣಿಸು ಇಂದ ಬಂದದ್ದು. ಗಣಕ, ಗಣಿತ, ತಮಿಳಿನ ಕಣಿ ಅಂದರೆ ಜೋಯಿಸ. ಲೆಕ್ಕ ಹಾಕಿ ಹೇಳುವವನು. ಕಾಣುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹಾಸನದಿಂದ:

ತಮಿಳಿನ ಕಣಿ ಬೇರೆ, ಕನ್ನಡದ ಕಣಿ ಬೇರೆ. ಕಿಟೆಲ್ ತೆಗೆದು ನೋಡಿ, ನೋಟ ಎಂಬ ಅರ‍್ತ ಮೊದಲು. ಸಂಸ್ಕ್ರುತದಿಂದಲೇ ಎಲ್ಲ ಬಂತು ಎನ್ನುವವರ ಜೊತೆ ವಾದ ಬೇಡ.

ಮಂಜೇಶ್ವರದಿಂದ:

ವ್ಯುತ್ಪತ್ತಿ ನೀವು ಹೇಳಿದ್ದೇ ಸರಿ, ಅದಕ್ಕೇ ಇಲ್ಲಿ ಆಗುವುದಿಲ್ಲ. ನಮ್ಮಲ್ಲಿ ಕಣಿ ಅಂದ್ರೆ ವಿಷುವಿನ ಬೆಳಗ್ಗೆ ಮಕ್ಕಳ ಕಣ್ಣು ಮುಚ್ಚಿ ಕರ್ಕೊಂಡು ಹೋಗಿ ತೋರಿಸುವ ಸೌತೆಕಾಯಿ, ಕಕ್ಕೆ ಹೂ, ಕನ್ನಡಿ. ನೋಟವೇ. ‘ಹುಡುಗಿ ಕಣಿದಾಣಕ್ಕೆ ಹೋದಳು’ ಅಂದ್ರೆ ಕುಂಬಳೆಯ ಮಗು ಡೆಲ್ಫಿಯ ಪಾರ್ನಾಸಸ್ ಗುಡ್ಡದಲ್ಲಿ ಸೌತೆಕಾಯಿ ಹುಡುಕ್ತದೆ.

ಕುಂಬಳೆಯಿಂದ:

ಕಣಿ ಹೇಳುವವಳು ಬೇಕಾದ್ರೆ ಕೊರವಂಜಿ ಇದ್ದಾಳಲ್ಲ, ಯಕ್ಷಗಾನದಲ್ಲಿ ನೋಡಿದ ಪ್ರತಿ ಮಗುವಿಗೂ ಗೊತ್ತು, ಹೆಂಗಸು ಕೂಡ. ಪಾರ್ತಿಸುಬ್ಬನ ಊರಿನಲ್ಲಿ ಕೂತು ಇದು ಯಾಕೆ ಯಾರಿಗೂ ನೆನಪಾಗ್ಲಿಲ್ಲ ಅಂತ ಆಶ್ಚರ್ಯ.

ಬದಿಯಡ್ಕದಿಂದ:

ಕೊರವಂಜಿ ನನಗೂ ಮೊದಲು ನೆನಪಾದದ್ದು, ಎರಡು ಅಧ್ಯಾಯದಲ್ಲಿ ಹಾಕಿಯೂ ನೋಡಿದೆ. ಆದ್ರೆ ಕೊರವಂಜಿ ಬುಟ್ಟಿ ಹಿಡ್ಕೊಂಡು ನಮ್ಮ ಬಾಗಿಲಿಗೆ ಬರುವವಳು. ಪೀಥಿಯಾ ಎದ್ದು ಬರುವುದಿಲ್ಲ, ರಾಜನಾದ್ರೂ ಅವಳಿದ್ದಲ್ಲಿಗೆ ಜನ ಕಳಿಸಬೇಕು, ದಿನ ಕಾಯಬೇಕು. ನಡೆದು ಬರುವವಳಿಗೂ ಕೂತಲ್ಲೇ ಕೂತವಳಿಗೂ ಒಂದೇ ಹೆಸರು ಇಟ್ಟರೆ ಹುಡುಗಿ ಗುಡ್ಡ ಹತ್ತಿದ್ದಕ್ಕೆ ಅರ್ಥವೇ ಇರುವುದಿಲ್ಲ.

ಪಾತ್ರಿಯಲ್ಲಿ ನನಗೆ ಒಂದೇ ಸಂಶಯ. ನಾವು ನೋಡಿದ ಪಾತ್ರಿಗಳೆಲ್ಲ ಗಂಡಸರು. ಹಳೇ ಗ್ರೀಕ್ ಇತಿಹಾಸಕಾರ ಡಿಯೊಡೋರಸ್ ಬರೆದ ಪ್ರಕಾರ ಡೆಲ್ಫಿಯಲ್ಲಿ ಮೊದಲು ಕನ್ಯೆಯರನ್ನು ಕೂರಿಸ್ತಿದ್ರು, ಆಮೇಲೆ ಐವತ್ತು ದಾಟಿದ ಹೆಂಗಸನ್ನು ಕೂರಿಸಿ ಕನ್ಯೆಯ ಉಡುಪನ್ನೇ ಉಡಿಸ್ತಿದ್ರು. ಕಾದಂಬರಿಯಲ್ಲಿ ಆ ಉಡುಪಿನ ಮಾತು ಬರ್ತದೆ. ಪಾತ್ರಿಣಿ ಅಂತ ಮಾಡಬೇಕಾ?

ಮಂಜೇಶ್ವರದಿಂದ:

ಬೇಡ. ಪಾತ್ರಿಯಲ್ಲಿ ಗಂಡೂ ಇಲ್ಲ ಹೆಣ್ಣೂ ಇಲ್ಲ. ‘ಪಾತ್ರಿ ಎದ್ದಳು’ ಅನ್ನಿ, ಕ್ರಿಯಾಪದವೇ ಹೇಳ್ತದೆ.

ಹೊಸದುರ್ಗದಿಂದ:

ಚಂದ್ರಗಿರಿಯ ಈಚೆ ದಡದವರ ಮಾತೂ ಒಂದು ಇರಲಿ. ಇಲ್ಲಿ ಭಗವತಿ ಕ್ಷೇತ್ರಗಳಲ್ಲಿ ದರ್ಶನ ಬಂದು ಕತ್ತಿ ಹಿಡಿದು ನುಡಿ ಕೊಡುವವರಿಗೆ ಬೆಳ್ಚಪ್ಪಾಡ ಅಂತ ಹೆಸರು. ಇಂಗ್ಲಿಷಿನಲ್ಲಿ ಬರೆಯುವವರೆಲ್ಲ ಅದಕ್ಕೆ ಒರಾಕಲ್ ಅಂತಲೇ ಬರೀತಾರೆ, ಅಂದ್ರೆ ಅನುವಾದ ಆ ಕಡೆಯಿಂದ ಈ ಕಡೆಗೆ ಆಗಲೇ ಆಗಿದೆ, ನಾವು ತಿರುಗಿಸಿದ್ರೆ ಸಾಕು.

ಕುಂಬಳೆಯಿಂದ:

ಅದು ಮಲಯಾಳದ ವೆಳಿಚ್ಚಪ್ಪಾಡ್. ಕನ್ನಡ ಪುಸ್ತಕದ ಮುಖಪುಟಕ್ಕೆ ಮಲಯಾಳ ಪದ ನಾವೇ ತಂದು ಹಾಕುವುದಾ? ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಈ ಕಡೆ ನಮ್ಮ ಊರಿನ ಹೆಸರುಗಳಿಗೆ ಒಂದೊಂದು ಅಂ ಸೇರ್ತಾ ಬರ್ತಾ ಉಂಟು, ಮಂಜೇಶ್ವರ ಮಂಜೇಶ್ವರಂ ಆಗಿ ಬೋರ್ಡಿನಲ್ಲಿ ಕಾಣ್ತದೆ. ಅಪ್ಲಿಕೇಶನ್ ಫಾರ್ಮ್ ಕನ್ನಡದಲ್ಲಿ ಕೊಡಿ ಅಂತ ಕೇಳಿ ಕೇಳಿ ಸಾಕಾದವರು ನಾವು. ಮಕ್ಕಳ ಪುಸ್ತಕವನ್ನಾದರೂ ಬಿಡಿ.

ಹೊಸದುರ್ಗದಿಂದ:

ಬೋರ್ಡಿನ ಸಿಟ್ಟನ್ನು ಪದದ ಮೇಲೆ ತೀರಿಸಬೇಡಿ, ಆ ಸಿಟ್ಟು ನನಗೂ ಉಂಟು. ವೆಳ್ ಅನ್ನುವುದು ಯಾರದ್ದು? ನಮ್ಮ ಬೆಳಕು, ಬೆಳ್ಳಿ, ಬೆಳಗ್ಗೆ, ಎಲ್ಲ ಅದೇ ಬೇರು. ಅವರ ವಾ ನಮ್ಮ ಬಾ, ಅವರ ವಯಲ್ ನಮ್ಮ ಬಯಲು, ಅವರ ವಿಲ್ಲ್ ನಮ್ಮ ಬಿಲ್ಲು. ಬೆಳ್ಚಪ್ಪಾಡ ಅನ್ನುವಾಗ ನಾಲಗೆ ಆಗಲೇ ವಕಾರ ಬಿಟ್ಟು ಬಕಾರ ಹಿಡಿದಿದೆ, ಇಲ್ಲಿನ ಮನೆತನದ ಹೆಸರೂ ಆಗಿದೆ. ಬೆಳಕು ಕಾಣಿಸುವವ ಅಂತ ಅರ್ಥ. ಹಾಸನದವರ ಅಚ್ಚಕನ್ನಡದ ಲೆಕ್ಕದಲ್ಲಿ ನೋಡಿದ್ರೂ ಪಾತ್ರಿಗಿಂತ ಇದೇ ನಮಗೆ ಹತ್ತಿರ.

ಹಾಸನದಿಂದ:

ಬೇರು ಒಪ್ಪಿದೆ. ಆದರೆ ಒಳನಾಡಿನ ಒಬ್ಬ ಮಗುವಿಗೂ ತಿಳಿಯುವುದಿಲ್ಲ.

ಹೊಸದುರ್ಗದಿಂದ:

ಕಣಿದಾಣ ತಿಳೀತದಾ?

ಅಕ್ಕಲಕೋಟೆಯಿಂದ:

ನಾವು ಸೊಲ್ಲಾಪುರ ಜಿಲ್ಲಾದವ್ರು, ಮನ್ಯಾಗ ಕನ್ನಡ, ಪ್ಯಾಟ್ಯಾಗ ಮರಾಠಿ. ನಮ್ಮ ಬಾಯಾಗ ಇದಕ್ಕ ಭಾಕಣೂಕ ಅಂತ ಬರ್ತದ. ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರಿ ಸಂಕ್ರಾಂತಿ ಹೊತ್ತಿಗೆ ಅಲ್ಲೇನ್ರಿ, ಹೋಮ ಆದ ಮ್ಯಾಲ ಇಡೀ ದಿನ ಉಪವಾಸ ಇಟ್ಟ ಕರಾನ ತಂದು ಅದರ ಮುಂದ ಕಾಳುಕಡಿ ಇಡ್ತಾರ, ಅದು ಯಾವುದಕ್ಕ ಬಾಯಿ ಹಾಕ್ತದ, ಹ್ಯಾಂಗ ನಿಲ್ತದ, ನೋಡಿ ಆ ವರ್ಷದ ಮಳಿ, ಧಾರಣಿ ಹೇಳ್ತಾರ. ಪದ ಮರಾಠಿದು ಖರೆ, ನಿಮ್ಮ ಪುಸ್ತಕಕ್ಕ ತಗೋರಿ ಅಂತ ನಾ ಹೇಳಂಗಿಲ್ಲ, ಅಲ್ಲಿ ಕರು ಮಾತಾಡಂಗಿಲ್ಲ, ಇಲ್ಲಿ ಹೆಂಗಸು ಮಾತಾಡ್ತಾಳ. ಆದ್ರ ಗಡಿಯಾಗ ಇರೋರ ಬಾಯಾಗಿನ ಪದ ಅಂದ್ರ ಕಳವು ಮಾಡಿ ತಂದದ್ದು ಅನ್ನೋ ಹಂಗ ಇಲ್ಲಿ ಮಾತು ನಡದದ, ಅದು ಮನಸ್ಸಿಗೆ ಹತ್ತಿತು. ನಮ್ಮವ್ವ ಭಾಕಣೂಕ ಕೇಳಾಕ ಹೋಗೂಣು ನಡಿ ಅಂದ್ರ ಅದು ಕನ್ನಡ ವಾಕ್ಯ ಅಲ್ಲಂತ ಯಾರು ಅಂತೀರಿ? ‘ಕೇಳಾಕ’ ಇಲ್ಲೇನು, ‘ನಡಿ’ ಇಲ್ಲೇನು?

ಬೆಂಗಳೂರಿಂದ:

ವಿಷಯಕ್ಕೆ ಬನ್ನಿ. ಅವರಿಗೆ ನಾಳೆ ಬೇಕು.

ಪಡ್ರೆಯಿಂದ:

ವಿಷಯಕ್ಕೇ ಬರ್ತೇನೆ. ಅಕ್ಕಲಕೋಟೆಯವರ ಮಾತಿಗೆ ನನ್ನ ಓಟು. ಹಾಸನದವರು ಪರರ ಮನೆಯದ್ದು ಬೇಡ ಅಂತಾರಲ್ಲ, ನಾವು ಈ ಗುಡ್ಡದಲ್ಲಿ ನೀರು ಕುಡಿಯುವುದು ಸುರಂಗದಿಂದ. ಮುರಕಲ್ಲು ಗುಡ್ಡದ ಹೊಟ್ಟೆಗೆ ಅಡ್ಡ ಕೊರೆದುಕೊಂಡು ಹೋಗುವುದು, ಒಬ್ಬ ಬಗ್ಗಿ ಪಿಕಾಸಿ ಬೀಸುವಷ್ಟೇ ಜಾಗ, ಉದ್ದ ಕೋಲಿನ ಲೆಕ್ಕದಲ್ಲಿ, ನೀರಿನ ಒಸರು ಸಿಗುವವರೆಗೆ ನಿಲ್ಲಿಸುವ ಹಾಗಿಲ್ಲ. ನಮ್ಮ ಅಪ್ಪ ತೋಡಿಸಿದ ಸುರಂಗದ ನೀರೇ ಇವತ್ತಿಗೂ ತೋಟಕ್ಕೆ. ಆ ಸುರಂಗ ಅನ್ನುವ ಪದ ಎಲ್ಲಿಂದ? ಗ್ರೀಕಿನ ಸಿರಿಂಕ್ಸ್, ಕೊಳವೆ ಅಂತ ಅರ್ಥ, ಸಂಸ್ಕೃತದಲ್ಲಿ ಸುರುಂಗಾ ಆಗಿ ಇಲ್ಲಿಗೆ ಬಂತು. ಕೇಂದ್ರ ಅಂತೀರಿ, ಅದು ಕೆಂತ್ರೊನ್. ಪಂಚಾಂಗದ ಹೋರೆ, ಅದೂ ಗ್ರೀಕ್. ಹಳೇ ನಾಣ್ಯದ ದ್ರಮ್ಮ, ದ್ರಾಖ್ಮೆ. ಇವನ್ನೆಲ್ಲ ಹೊರಗೆ ಹಾಕಿದ್ರೆ ನಮಗೆ ಕುಡಿಲಿಕ್ಕೆ ನೀರಿಲ್ಲ. ಅನುವಾದ ಮಾಡುವವರು ಗ್ರೀಕ್ ಕಥೆ ತರ್ತಾ ಇದ್ದಾರೆ, ಪದ ನಮ್ಮ ಬಾಯಿಗೆ ಬಂದು ಎಷ್ಟು ಕಾಲ ಆಯ್ತು ಅಂತ ನೋಡ್ಬೇಕೇ ಹೊರತು ಅದರ ಜಾತಕ ನೋಡಿದ್ರೆ ಆಗುವುದಿಲ್ಲ.

ಮಂಜೇಶ್ವರದಿಂದ:

ಗ್ರೀಕಿನ ಮಾತು ಬಂತಲ್ಲ, ನಮ್ಮೂರಿನ ಗೋವಿಂದ ಪೈಗಳನ್ನು ನೆನೆಯದೆ ಹೋದರೆ ತಪ್ಪಾಗ್ತದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್‌ನ ಗ್ರೀಕ್ ಪ್ರಹಸನದಲ್ಲಿ ಗ್ರೀಕ್ ಅಲ್ಲದ ಮಾತುಗಳುಂಟು, ಅವು ಕನ್ನಡ ಅಂತ ಜರ್ಮನ್ ವಿದ್ವಾಂಸ ಹುಲ್ಷ್ ಹೇಳಿದ್ರು, ಶಾಮಶಾಸ್ತ್ರಿಗಳು, ಪೈಗಳು ಅದನ್ನು ಹಿಡಿದು ಮುಂದೆ ಬರೆದ್ರು. ಹುಲ್ಷ್ ಓದಿದ ಒಂದು ಸಾಲು ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’. ಒಪ್ಪದ ವಿದ್ವಾಂಸರೂ ಇದ್ದಾರೆ, ಬಾರ್ನೆಟ್ ಒಪ್ಪಲಿಲ್ಲ. ಆದ್ರೆ ಪಾತ್ರ ನೋಡಿ. ದೇವರು ತುಂಬಿಕೊಳ್ಳುವ ಪಾತ್ರೆ, ಅದಕ್ಕೇ ಪಾತ್ರಿ. ಮೈದುಂಬುವುದು ಅಂತ ನಾವು ಹೇಳುವುದೂ ಅದನ್ನೇ.

ಮೈಸೂರಿಂದ:

ಆ ಓದಿನ ಮೇಲೆ ಮನೆ ಕಟ್ಟಬೇಡಿ. ಪಾತ್ರೆ-ಪಾತ್ರಿ ನಂಟು ಬೇಕಾದರೆ ಒಪ್ಪಬಹುದು.

ಬದಿಯಡ್ಕದಿಂದ:

ಎಲ್ಲರಿಗೂ ಧನ್ಯವಾದ, ಹೆಸರು ಈಗಷ್ಟೇ ಕಳಿಸಿದೆ. ‘ಡೆಲ್ಫಿಯ ನುಡಿ’. ಮೂಲದ ಹೆಸರಿನಲ್ಲಿ ಹೆಂಗಸು ಇದ್ದಾಳೆ, ನಾನು ಅಲ್ಲಿ ಮಾತನ್ನು ತಂದೆ, ಯಾಕೆ ಹೇಳಿದ್ರೆ ಕಥೆ ನಡೆಯುವುದು ಆ ಎರಡು ಸಾಲಿನ ಮೇಲೆ. ಒಳಗೆ ಹೆಂಗಸಿಗೆ ಪಾತ್ರಿ, ಜಾಗಕ್ಕೆ ಬರೀ ಸ್ಥಾನ ಅಂದ್ರೆ ಒಳನಾಡಿನವರಿಗೆ ಹುದ್ದೆ ಅಂತ ಅನ್ನಿಸೀತು ಅಂತ ನುಡಿಸ್ಥಾನ ಮಾಡಿದೆ. ಹುಡುಗಿ ಕಾರಣಿಕದ ಮಗಳು. ಮುಕ್ಕಾಲಿಯೂ ಬಂತು. ಬೆಳ್ಚಪ್ಪಾಡ ನನಗೆ ಬಹಳ ಇಷ್ಟ ಆಯ್ತು, ಮುಖಪುಟಕ್ಕೆ ತರುವ ಧೈರ್ಯ ಬರ್ಲಿಲ್ಲ, ಆದ್ರೆ ಮೂರನೇ ಅಧ್ಯಾಯದಲ್ಲಿ ಬೇರೊಂದು ಊರಿನ ದೇವಸ್ಥಾನದಲ್ಲಿ ಕತ್ತಿ ಹಿಡಿದ ಮುದುಕ ಒಬ್ಬ ಬರ್ತಾನೆ, ಅವನಿಗೆ ಅದನ್ನೇ ಇಟ್ಟಿದ್ದೇನೆ. ಕುಂಬಳೆಯವರು ಬೇಸರ ಮಾಡಬೇಡಿ.

ಕಳಿಸುವ ಮೊದಲು ಡೆಲ್ಫಿಯ ಅಧ್ಯಾಯವನ್ನು ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗನಿಗೆ ಓದಿ ಹೇಳಿದೆ. ಪಾತ್ರಿ, ನುಡಿ, ಯಾವುದಕ್ಕೂ ಅರ್ಥ ಕೇಳ್ಲಿಲ್ಲ. ನುಡಿ ಕೊಟ್ಟು ಮೈಯಿಂದ ದೇವರು ಇಳಿದ ಮೇಲೆ ಪಾತ್ರಿ ಗೋಡೆಗೆ ಒರಗಿ ಕೂರುವ ಸಾಲು ಬಂತು, ಅಲ್ಲಿ ತಡೆದು ಕೇಳಿದ, ‘ಅವರಿಗೆ ಯಾರೂ ಬೊಂಡ ಕೊಡ್ಲಿಲ್ವಾ?’ ಅಂತ. ಬೊಂಡ ಅಂದ್ರೆ ನಮ್ಮಲ್ಲಿ ಎಳನೀರು. ಡೆಲ್ಫಿಯಲ್ಲಿ ನೀರಿನ ಮಾತು ಬರುವುದು ನುಡಿಗೆ ಮೊದಲು, ಕಾಸೊಟಿಸ್ ಅನ್ನುವ ಬುಗ್ಗೆಯ ನೀರು, ಹಳೇ ಗ್ರೀಕ್ ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ. ನುಡಿ ಆದ ಮೇಲೆ ಕೊಟ್ಟದ್ದು ಮೂಲದಲ್ಲಿ ಇಲ್ಲ, ಹಾಗಾಗಿ ನಾನು ಸೇರಿಸ್ಲಿಲ್ಲ. ಇಲ್ಲ ಅಂತ ಹೇಳಿದ್ದಕ್ಕೆ ಅವನಿಗೆ ಆ ಊರಿನವರ ಮೇಲೆ ಸಿಟ್ಟು ಬಂದು ಮುಂದಿನ ಪುಟಕ್ಕೆ ಹೋಗ್ಲಿಕ್ಕೆ ಸ್ವಲ್ಪ ಹೊತ್ತು ಬಿಡ್ಲೇ ಇಲ್ಲ.